ಬಚ್ಚಲಿನ ತೊಟ್ಟಿ ಹಿತ್ತಲಿನ ಕೊಳವಾದದ್ದು



ಕಳೆದ ತಿಂಗಳು ಮೈಸೂರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮ ಹಿತ್ತಲಿನ ಪುಟ್ಟ ಕೊಳವನ್ನು ಕಂಡು ಬಗ್ಗಿ ನೋಡಿದರು. ಅಂಚನ್ನು ಮುಟ್ಟಿ, "ಸರ್, ಇದು ಬಾತ್ ಟಬ್ ಅಲ್ಲವೇ?" ಎಂದು ನಕ್ಕರು. ಆಮೇಲೆ ತುಸು ಸಂಕೋಚದಿಂದ, "ಸೊಳ್ಳೆ ಆಗುವುದಿಲ್ಲವೇ ಸರ್? ಮೊದಲೇ ಡೆಂಗೀ ಕಾಲ..." ಎಂದರು. ಈ ಕೊಳವಾದ 2022ರಿಂದ ಈಚೆಗೆ ಈ ಪ್ರಶ್ನೆಯನ್ನು ಕೇಳದವರು ಕಡಿಮೆ. ಮೊದಮೊದಲು ನಾನು ಇದಕ್ಕೆ ತರಗತಿಯಲ್ಲಿ ನಿಂತವನಂತೆ ಥಟ್ಟನೆ ಉತ್ತರ ಹೇಳಿಬಿಡುತ್ತಿದ್ದೆ. ಈಗ ಹಾಗೆ ಹೇಳಲಾರೆ. ಅದಕ್ಕೆ ಕಾರಣವಾದ ಒಂದು ಘಟನೆಯನ್ನೂ, ಅದರಿಂದ ನಾನು ತಲುಪಿದ ಅಭಿಪ್ರಾಯವನ್ನೂ ಇಲ್ಲಿ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಆ ಟಬ್ಬಿನ ಕಥೆ. 2004ರಲ್ಲಿ ನಾವು ಈ ಮನೆ ಕಟ್ಟಿಸಿದಾಗ ಮಹಡಿಯ ಸ್ನಾನದ ಮನೆಗೆ ಬಾತ್ ಟಬ್ ಬೇಕೇ ಬೇಕೆಂದು ಮಗ ಹಟ ಹಿಡಿದ. ಆಗ ಅದೊಂದು ಹೊಸ ಅಂತಸ್ತಿನ ಗುರುತು. ಹಂಡೆಯ ನೀರನ್ನು ಚೊಂಬಿನಲ್ಲಿ ಮೊಗೆದು ಹುಯ್ದುಕೊಂಡೇ ಎಂಬತ್ತು ವರ್ಷ ಬಾಳಿದ್ದ ನನ್ನ ತಾಯಿ ಅದನ್ನು ನೋಡಿ, "ತನ್ನ ಕೊಳೆಯಲ್ಲಿ ತಾನೇ ಕೂರುವುದು ಎಂಥ ಸ್ನಾನವಪ್ಪಾ!" ಎಂದಿದ್ದರು. ಅವರ ಮಾತೇ ನಿಜವಾಯಿತು. ಮೊದಲ ಒಂದು ತಿಂಗಳು ಬಿಟ್ಟರೆ ಅದರಲ್ಲಿ ಯಾರೂ ಮಿಂದವರಿಲ್ಲ. ನಲ್ಲಿಯಲ್ಲಿ ನೀರು ಬಾರದ ದಿನಗಳಿಗೆ ನೀರು ಹಿಡಿದಿಡುವುದಕ್ಕೆ, ಕಂಬಳಿ ನೆನೆಹಾಕುವುದಕ್ಕೆ, ಕೊನೆಗೆ ಹಳೆಯ ಬಕೆಟ್ಟುಗಳನ್ನು ಪೇರಿಸಿಡುವುದಕ್ಕೆ ಅದು ಒದಗಿತು. ನಮ್ಮ ಕಾಲಿನ ಗಂಟುಗಳು ಬಲಹೀನವಾದ ಮೇಲೆ ಅದರ ಅಂಚು ದಾಟುವುದೇ ಅಪಾಯವೆನಿಸಿ, 2022ರ ಆರಂಭದಲ್ಲಿ ಕೀಳಿಸಿಹಾಕಿದೆವು. ಫೈಬರಿನ ಟಬ್ಬು, ಗುಜರಿಯವನು ಎರಡು ಸುತ್ತು ನೋಡಿ, "ಇದಕ್ಕೆ ಏನೂ ಬರೋದಿಲ್ಲ ಸ್ವಾಮಿ" ಎಂದು ಹೊರಟೇಹೋದ. ಹಿತ್ತಲ ಗೋಡೆಗೆ ಒರಗಿದ್ದ ಅದನ್ನು ನೋಡುತ್ತಾ ನೋಡುತ್ತಾ ನನಗೆ ನೆನಪಾದದ್ದು 1974ರ ಒಂದು ಮಧ್ಯಾಹ್ನ.

ನಿಮ್ಮಲ್ಲಿ ಕೆಲವರು ಆ ಮಧ್ಯಾಹ್ನದಲ್ಲಿ ಇದ್ದವರೇ. ಮಂಡ್ಯ ಜಿಲ್ಲೆಯ ಆ ಹಳ್ಳಿಯ ಪ್ರೌಢಶಾಲೆಯ ಹಿಂದೆಯೇ ಕೆರೆ. ಕಪ್ಪೆಯ ಜೀವನಚಕ್ರದ ಪಾಠವನ್ನು ನಾನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಮುಗಿಸಿದ್ದೆ. ಮೊಟ್ಟೆ, ಗೊದಮೊಟ್ಟೆ, ಕಾಲು ಮೂಡುವುದು, ಆಮೇಲೆ ಬಾಲ ಉದುರಿಹೋಗುವುದು. ಎರಡು ವಾರ ಕಳೆದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹಾರ್ಲಿಕ್ಸ್ ಬಾಟಲಿಯನ್ನು ಮೇಜಿನ ಮೇಲಿಟ್ಟು, "ಸಾರ್, ಬಾಲ ಉದುರೋದಿಲ್ಲ. ದಿನಾ ನೋಡ್ತಾ ಇದ್ದೀನಿ, ಚಿಕ್ಕದಾಗ್ತಾ ಚಿಕ್ಕದಾಗ್ತಾ ಮೈಯೊಳಗೇ ಹೋಗಿಬಿಡ್ತದೆ" ಎಂದಳು. ಅವಳು ಹೇಳಿದ್ದೇ ಸರಿ. ಬಾಲ ಕಳಚಿ ಬೀಳುವುದಿಲ್ಲ. ಅದು ಕರಗಿ ಮರಿಯ ದೇಹಕ್ಕೇ ಸೇರುತ್ತದೆ. ವಿಜ್ಞಾನದ ಮೇಷ್ಟ್ರಾದ ನಾನು ಅದನ್ನು ಅಲ್ಲಿಯವರೆಗೆ ಒಮ್ಮೆಯೂ ನಿಂತು ನೋಡಿರಲಿಲ್ಲ. ಅಂದು ಇಡೀ ತರಗತಿಯನ್ನು ಕೆರೆಯ ಅಂಚಿಗೆ ಕರೆದೊಯ್ದೆ. ಮುಂದೆ ಪಟ್ಟಣದ ಶಾಲೆಗೆ ವರ್ಗವಾಗಿ ಬಂದ ಮೇಲೆ ನಿವೃತ್ತಿಯವರೆಗೂ ಅದೇ ಪಾಠವನ್ನು ಗೋಡೆಗೆ ತೂಗುಹಾಕಿದ ಪಟದಿಂದ ಮಾಡಿದೆ. ಏಕೆಂದರೆ ಅಲ್ಲಿ ತೋರಿಸಲು ಒಂದು ಬೊಗಸೆ ನೀರೂ ಇರಲಿಲ್ಲ.

ಮೊಮ್ಮಗಳಿಗೆ ಆಗ ಎಂಟು ವರ್ಷ. ಗೊದಮೊಟ್ಟೆಯನ್ನು ಅವಳು ಮೊಬೈಲಿನಲ್ಲಿ ಮಾತ್ರ ಕಂಡಿದ್ದಳು. ಟಬ್ಬನ್ನು ಹೂಳಲು ನನಗೆ ಅಷ್ಟು ಕಾರಣ ಸಾಕಾಯಿತು.

ಕೆಲಸ ಹೇಗಾಯಿತೆಂದು ಕೇಳಿದವರಿಗಾಗಿ ವಿವರ ಬರೆಯುತ್ತೇನೆ. ಟಬ್ಬು ಐದು ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಹಿಡಿಯುವುದು ಸುಮಾರು 200 ಲೀಟರ್ ನೀರು. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ, ಆದರೆ ಮಧ್ಯಾಹ್ನದ ಉರಿಬಿಸಿಲಿಗೆ ನೆರಳು ಸಿಗುವ ಜಾಗವನ್ನು ಆರಿಸಿಕೊಂಡೆವು. ಬಿಸಿಲು ತೀರ ಕಡಿಮೆಯಾದರೆ ನೈದಿಲೆ ಹೂ ಬಿಡುವುದಿಲ್ಲ; ತೀರ ಹೆಚ್ಚಾದರೆ ನೀರು ಪಾಚಿಗಟ್ಟಿ ಹಸಿರಾಗುತ್ತದೆ. ಮರದ ಕೆಳಗಂತೂ ಬೇಡ. ಎಲೆ ಉದುರಿ ಕೊಳೆತು ನೀರು ನಾರುತ್ತದೆ. ಕೂಲಿಯವರು ಗುಂಡಿ ತೋಡಿದ ಮೇಲೆ ತಳಕ್ಕೆ ಎರಡು ಅಂಗುಲ ಮರಳು ಹರಡಿ, ಗಾರೆ ಕೆಲಸದವರು ರಸಮಟ್ಟ ಇಟ್ಟು ನೋಡಿ ಟಬ್ಬನ್ನು ಕೂರಿಸಿದರು. ಮಟ್ಟ ತಪ್ಪಿದರೆ ಒಂದು ಬದಿ ತುಂಬಿ ಇನ್ನೊಂದು ಬದಿ ಬತ್ತಿದಂತೆ ಕಾಣುತ್ತದೆ. ತಳದ ತೂತನ್ನು ಎಂ-ಸೀಲ್ ಹಾಕಿ ಭದ್ರವಾಗಿ ಮುಚ್ಚಿ, ಎರಡು ದಿನ ನೀರು ನಿಲ್ಲಿಸಿ ಸೋರುತ್ತದೆಯೇ ಎಂದು ಪರೀಕ್ಷಿಸಿದೆವು. ಮೇಲಿನ ತೂತನ್ನು ಮಾತ್ರ ಮುಚ್ಚಲಿಲ್ಲ. ಜೋರು ಮಳೆಯಲ್ಲಿ ಹೆಚ್ಚಾದ ನೀರು ಅದರಿಂದ ಬಾಳೆಯ ಬುಡಕ್ಕೆ ಹೋಗುತ್ತದೆ. ಸುತ್ತಲಿನ ಸಂದಿಗೆ ಮಣ್ಣು ತುಂಬುವಾಗ ಟಬ್ಬಿನೊಳಗೂ ನೀರು ಏರಿಸುತ್ತಾ ಹೋಗಬೇಕು. ಇಲ್ಲದಿದ್ದರೆ ಮಣ್ಣಿನ ಒತ್ತಡಕ್ಕೆ ಫೈಬರಿನ ಗೋಡೆ ಒಳಕ್ಕೆ ಬಾಗುತ್ತದೆ. ಖಾಲಿ ಟಬ್ಬನ್ನು ಹೂತು ಬಿಟ್ಟರೆ ಮಳೆಗಾಲದಲ್ಲಿ ನೆಲ ನೀರು ಕುಡಿದಾಗ ಅದು ದೋಣಿಯಂತೆ ಮೇಲೇಳುವುದೂ ಉಂಟು.

ಒಳಗೆ ಒಂದು ತುದಿಯಲ್ಲಿ ಇಟ್ಟಿಗೆಗಳನ್ನು ಮೆಟ್ಟಿಲಿನಂತೆ ಜೋಡಿಸಿದೆವು. ಇದು ಅಲಂಕಾರಕ್ಕಲ್ಲ. ಟಬ್ಬಿನ ಗೋಡೆ ನುಣುಪು. ಬಿದ್ದ ಅಳಿಲು, ಓತಿಕ್ಯಾತ, ಈಚೆಗೆ ಬರಬೇಕೆಂದಿರುವ ಕಪ್ಪೆಮರಿ ಹತ್ತಲಾರದೆ ಸಾಯುತ್ತವೆ. ಒಂದು ಕುಂಡದಲ್ಲಿ ನೈದಿಲೆ, ಇನ್ನೊಂದರಲ್ಲಿ ಬಜೆ. ಕುಂಡಗಳಿಗೆ ಗೊಬ್ಬರವಿಲ್ಲದ ಜೇಡಿಮಣ್ಣು, ಅದರ ಮೇಲೆ ಮಣ್ಣು ಕದಡದಂತೆ ಜಲ್ಲಿ. ಕೊಳದ ಸುತ್ತಲಿನ ತೇವದಲ್ಲಿ ಒಂದೆಲಗ ತಾನಾಗಿ ಹರಡಿ, ನನ್ನಾಕೆಯ ತಂಬುಳಿಗೆ ಒದಗುತ್ತಿದೆ. ಕೆರೆಗಳನ್ನು ನುಂಗಿದ ನೇರಳೆ ಹೂವಿನ ಜಲಕಳೆಯನ್ನು ಚೆಂದವೆಂದು ತಂದುಕೊಟ್ಟವರಿದ್ದರು. ವಂದಿಸಿ ಹಿಂದಿರುಗಿಸಿದೆ. ಕೊನೆಯದಾಗಿ, ಕುಂಡಗಳ ಮೇಲಕ್ಕೆ ಬರುವಂತೆ, ಬಲವಾದ ಕಬ್ಬಿಣದ ಜಾಲರಿ ಹಾಕಿಸಿದೆವು. ಎರಡು ವರ್ಷದ ಮಗುವಿಗೆ ಒಂದು ಗೇಣು ನೀರೂ ಮೃತ್ಯುವಾಗಬಲ್ಲದು. ಈ ಜಾಲರಿಯ ವಿಷಯದಲ್ಲಿ ಮಾತ್ರ ಯಾರೂ ಲೆಕ್ಕ ಹಾಕಬಾರದು.

ಮೇ ತಿಂಗಳ ಮಳೆಗೆ ನೆಲಗಪ್ಪೆಗಳು ಬಂದವು. ಯಾರೂ ಕರೆದಿರಲಿಲ್ಲ. ಒಂದು ಬೆಳಗ್ಗೆ ಬಜೆಯ ಎಲೆಗಳ ನಡುವೆ ಕರಿಮಣಿ ಸರದಂತೆ ಉದ್ದನೆಯ ಲೋಳೆಯ ದಾರ. ಅದರೊಳಗೆ ಸಾಲುಸಾಲಾಗಿ ಕಪ್ಪು ಮೊಟ್ಟೆಗಳು. ಮೊಮ್ಮಗಳು ಶಾಲೆಗೆ ಹೋಗುವ ಮುನ್ನ, ಬಂದ ಮೇಲೆ ಅಲ್ಲಿಯೇ ಕುಳಿತಿರುತ್ತಿದ್ದಳು. ಏರೋಪ್ಲೇನ್ ಚಿಟ್ಟೆಗಳು ಬಾಲದ ತುದಿಯನ್ನು ನೀರಿಗೆ ತಾಗಿಸಿ ತಾಗಿಸಿ ಮೊಟ್ಟೆಯಿಟ್ಟು ಹೋದವು. ಅವುಗಳ ಮರಿಗಳು ನೀರಿನಲ್ಲಿಯೇ ಬೆಳೆಯುವ ಬೇಟೆಗಾರರು. ಸೊಳ್ಳೆಯ ಲಾರ್ವಾ ಅವಕ್ಕೆ ಪ್ರಿಯವಾದ ಆಹಾರ. ಆರೋಗ್ಯ ಇಲಾಖೆಯವರು ಕೊಟ್ಟ ಹತ್ತು ಗಪ್ಪಿ ಮೀನುಗಳನ್ನೂ ಬಿಟ್ಟಿದ್ದೆ. ಸೊಳ್ಳೆಯ ಪ್ರಶ್ನೆಗೆ ನಾನು ಥಟ್ಟನೆ ಹೇಳುತ್ತಿದ್ದ ಉತ್ತರ ಇದೇ: "ನೋಡಿ, ಇದು ಜೀವವಿರುವ ನೀರು. ಇಲ್ಲಿ ಸೊಳ್ಳೆ ಮೊಟ್ಟೆಯಿಟ್ಟರೆ ಅದು ತಿನ್ನುವವರ ಮನೆಗೇ ಊಟ ತಂದಂತೆ." ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು.

2024ರ ಜುಲೈಯಲ್ಲಿ ಪಕ್ಕದ ಮನೆಯವರ ಮೊಮ್ಮಗನಿಗೆ ಡೆಂಗೀ ಬಂತು. ಆರು ವರ್ಷದ ಹುಡುಗ. ಪ್ಲೇಟ್‌ಲೆಟ್ ಇಳಿದು ಐದು ದಿನ ಆಸ್ಪತ್ರೆಯಲ್ಲಿದ್ದ. ಅವನ ಅಜ್ಜ ನಿವೃತ್ತ ಬ್ಯಾಂಕ್ ಅಧಿಕಾರಿ. ಇಪ್ಪತ್ತು ವರ್ಷಗಳ ನೆರೆಯವರು, ನಿತ್ಯ ಬೆಳಗಿನ ವಾಯುವಿಹಾರದ ಜೊತೆಗಾರರು. ಆಸ್ಪತ್ರೆಯಿಂದ ಬಂದ ಸಂಜೆ ಗೇಟಿನ ಹೊರಗೇ ನಿಂತು, "ಮೇಷ್ಟ್ರೇ, ದಯವಿಟ್ಟು ಆ ಹೊಂಡ ಮುಚ್ಚಿಸಿಬಿಡಿ. ನಿಮಗೆ ಅದು ಹವ್ಯಾಸ. ನಮಗೆ ಮಗು" ಎಂದರು. ನಾನು ಏರೋಪ್ಲೇನ್ ಚಿಟ್ಟೆಯ ಪಾಠ ಶುರುಮಾಡಿದೆ. ಅವರು ಅರ್ಧಕ್ಕೇ ತಿರುಗಿ ಹೊರಟುಹೋದರು. ನನಗೆ ಸಿಟ್ಟು ಬಂತೆಂಬುದನ್ನು ಮುಚ್ಚಿಡುವುದಿಲ್ಲ. ಓದಿದವರೇ ಹೀಗೆ ಮಾತನಾಡಿದರೆ ಹೇಗೆ ಎಂದು ಮನೆಯಲ್ಲಿ ಕೂಗಾಡಿದೆ.

ಎರಡು ದಿನಗಳ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಲಾರ್ವಾ ಸಮೀಕ್ಷೆಗೆ ಬಂದರು. ನಾನೇ ಮುಂದಾಗಿ ಅವರನ್ನು ಕೊಳದ ಬಳಿಗೆ ಕರೆದೊಯ್ದೆ. ಆಕೆ ಟಾರ್ಚು ಬಿಟ್ಟು, ಸೌಟಿನಲ್ಲಿ ಐದಾರು ಕಡೆ ನೀರು ಮೊಗೆದು ಬಿಳಿಯ ಬಟ್ಟಲಿಗೆ ಹಾಕಿ ನೋಡಿದರು. ಒಂದು ಲಾರ್ವಾ ಕೂಡ ಇರಲಿಲ್ಲ. ನಾನು ನನ್ನಾಕೆಯ ಕಡೆ ನೋಡಿ ಗೆದ್ದವನಂತೆ ನಕ್ಕೆ. ಆಕೆ ಎದ್ದು, ಗೋಡೆಯ ಪಕ್ಕದ ನೀಲಿ ಡ್ರಮ್ಮನ್ನು ತೋರಿಸಿ, "ಅದೇನು ಸರ್?" ಎಂದು ಕೇಳಿದರು.

ಅದು ನನ್ನದೇ ಏರ್ಪಾಡು. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಮೀನಿಗೂ ಗೊದಮೊಟ್ಟೆಗೂ ಆಗದು. ಆದ್ದರಿಂದ ನೀರನ್ನು ಡ್ರಮ್ಮಿಗೆ ತುಂಬಿ ಒಂದೆರಡು ದಿನ ತೆರೆದಿಟ್ಟು ಆಮೇಲೆ ಕೊಳಕ್ಕೆ ಹಾಕುತ್ತಿದ್ದೆ. ಬೇಸಿಗೆಯಲ್ಲಿ ಕೊಳಕ್ಕೆ ದಿನಕ್ಕೆ ಅರ್ಧ ಬಕೆಟ್ಟಿನಷ್ಟು ನೀರು ಬೇಕಾಗುತ್ತಿತ್ತು. ಮಳೆ ಹಿಡಿದ ಮೇಲೆ ಡ್ರಮ್ಮಿನ ಅಗತ್ಯವೇ ಬೀಳಲಿಲ್ಲ. ಅದರ ನೆನಪೂ ನನಗಿರಲಿಲ್ಲ. ಆಕೆ ಒಂದು ಸೌಟು ಮೊಗೆದರು. ಬಿಳಿಯ ಬಟ್ಟಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಲಾರ್ವಾಗಳು, ತಲೆ ಕೆಳಗೆ ಬಾಲ ಮೇಲೆ ಮಾಡಿ ತೂಗಾಡುತ್ತಿದ್ದವು. "ಇದು ಈಡಿಸ್, ಸರ್. ಡೆಂಗೀದು" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ದಿನಕ್ಕೆ ಅದೆಷ್ಟು ಮನೆಗಳಲ್ಲಿ ಅದೇ ಮಾತನ್ನು ಹೇಳುತ್ತಿದ್ದರೋ! ನಾನು ಮಾತಿಲ್ಲದೆ ನಿಂತಿದ್ದೆ. ಐವತ್ತು ವರ್ಷಗಳ ಹಿಂದಿನ ಹಾರ್ಲಿಕ್ಸ್ ಬಾಟಲಿಯ ಮುಂದೆ ನಿಂತಂತೆ.

ಆ ಮಗುವನ್ನು ಕಚ್ಚಿದ ಸೊಳ್ಳೆ ನನ್ನ ಡ್ರಮ್ಮಿನದೋ, ಬೀದಿಯಾಚೆಯ ಅರೆಕಟ್ಟಿದ ಕಟ್ಟಡದ ತೊಟ್ಟಿಯದೋ, ಯಾರೂ ಹೇಳಲಾರರು. ಆದರೆ ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರಿಗಿಂತ ಆಚೆ ಹೋಗುವುದಿಲ್ಲ ಎಂಬುದನ್ನು ನಾನು ಬಲ್ಲೆ. ನನ್ನ ಡ್ರಮ್ಮಿನಿಂದ ಆ ಮಗುವಿನ ಮಂಚಕ್ಕೆ ಹದಿನೈದು ಮೀಟರ್. ಅಂದು ಸಂಜೆ ಪಕ್ಕದ ಮನೆಗೆ ಹೋಗಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲೂ ಇತ್ತಂತೆ ಮೇಷ್ಟ್ರೇ" ಎಂದರು. ಮರುದಿನ ವಾಯುವಿಹಾರಕ್ಕೆ ಅವರು ಬರಲಿಲ್ಲ. ಮತ್ತೆ ಬರುವುದಕ್ಕೆ ಎರಡು ತಿಂಗಳು ಹಿಡಿಯಿತು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ.

ನೀರಿನಿಂದ ಸೊಳ್ಳೆ ಹುಟ್ಟುತ್ತದೆಯೆಂಬುದು ನಿಜ. ನೀರನ್ನೆಲ್ಲ ಮುಚ್ಚಿಬಿಟ್ಟರೆ ಸೊಳ್ಳೆ ಹೋಗುತ್ತದೆಯೆಂಬುದು ನಿಜವಲ್ಲ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ನಾವು ಬಹಳ ಕಳೆದುಕೊಂಡಿದ್ದೇವೆ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ತರುಣ ರೊನಾಲ್ಡ್ ರಾಸ್, ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುತ್ತಿರುವುದನ್ನು ಕಂಡು ಅದನ್ನು ಬರಿದು ಮಾಡಿಸಿದರು. ಸೊಳ್ಳೆಯ ಕಾಟ ತಗ್ಗಿತು. ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡವರೂ, 1902ರಲ್ಲಿ ನೊಬೆಲ್ ಪಡೆದವರೂ ಅವರೇ. ಗಮನಿಸಿ, ಅಂದು ಅವರು ಬರಿದು ಮಾಡಿದ್ದು ಕಿಟಕಿಯ ಹೊರಗಿನ ತೊಟ್ಟಿಯನ್ನು, ಊರಿನ ಕೆರೆಯನ್ನಲ್ಲ.

ನಾವು ಮಾಡಿದ್ದು ಇದಕ್ಕೆ ತಿರುಗುಮುರುಗು. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ನಮ್ಮ ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ಕೆರೆ ಉಳಿದಿರುವುದು ಹೆಸರಿನಲ್ಲಿ ಮಾತ್ರ. ಇದಕ್ಕೆ ಸೊಳ್ಳೆಯೊಂದೇ ಕಾರಣವೆಂದು ಹೇಳುತ್ತಿಲ್ಲ. ನೆಲದ ಆಸೆಯೂ ಇತ್ತು. ಆದರೆ ಕೆರೆ ಹೋದರೂ ಡೆಂಗೀ ಬಂತಲ್ಲ! ಅದರ ಸೊಳ್ಳೆ ಕೆರೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದಕ್ಕೆ ಬೇಕಾದುದು ಮನೆಯಂಗಳದ ತಿಳಿನೀರು: ಡ್ರಮ್ಮು, ಟೈರು, ಎಳನೀರಿನ ಬುರುಡೆ, ಹೂಕುಂಡದ ತಟ್ಟೆ. ಮೊಟ್ಟೆಯನ್ನು ಪಾತ್ರೆಯ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯದೆ, ನೀರು ತಾಗಿದಾಗ ಒಡೆಯುತ್ತದೆ. ಮೊಟ್ಟೆಯೊಡೆದು ರೆಕ್ಕೆಯ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದಕ್ಕಾಗಿಯೇ ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯನ್ನು ತಿಕ್ಕಿ ತೊಳೆಯಿರಿ ಎನ್ನುವುದು. ಚೆಲ್ಲಿದರೆ ಸಾಲದು, ತಿಕ್ಕಬೇಕು.

2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಡೆಂಗೀಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡವನ್ನು ನಾನು ವಿರೋಧಿಸುವುದಿಲ್ಲ. ಎರಡು ತಿಂಗಳು ಮೊದಲೇ ಬಂದಿದ್ದರೆ ಮೊದಲು ಕಟ್ಟುವವನು ನಾನೇ ಆಗುತ್ತಿದ್ದೆ. ಆದರೆ ದಂಡದ ಭಯ ಜನರನ್ನು ನೀರಿನಿಂದಲೇ ದೂರ ಓಡಿಸಬಾರದು. ನನ್ನ ಹಿತ್ತಲಿನಲ್ಲಿ ಎರಡು ನೀರುಗಳಿದ್ದವು. ಒಂದನ್ನು ನಾನು ದಿನವೂ ನೋಡುತ್ತಿದ್ದೆ. ಅದರಲ್ಲಿ ಕಪ್ಪೆ ಹುಟ್ಟಿತು. ಇನ್ನೊಂದನ್ನು ಮರೆತೆ, ಅದರಲ್ಲಿ ರೋಗ ಹುಟ್ಟಿತು.

ಹಾಗೆಂದು ಎಲ್ಲರೂ ಕೊಳ ಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ವರ್ಷದಲ್ಲಿ ಆರು ತಿಂಗಳು ಬೀಗ ಹಾಕಿ ಮಕ್ಕಳಿರುವ ದೇಶಕ್ಕೆ ಹೋಗುವವರು ಮಾಡಬಾರದು. ದಿನಕ್ಕೊಮ್ಮೆ ಬಗ್ಗಿ ನೋಡುವ ತಾಳ್ಮೆ ಇಲ್ಲದವರು ಮಾಡಬಾರದು. ಮಾಡಿದವರು ಗಪ್ಪಿ ಮೀನನ್ನು ಕೆರೆಗೋ ಹಳ್ಳಕ್ಕೋ ಬಿಡಬಾರದು. ಅದು ದಕ್ಷಿಣ ಅಮೆರಿಕದ ಕಡೆಯ ಮೀನು. ಹತ್ತು ಇದ್ದದ್ದು ಕೆಲವೇ ತಿಂಗಳಲ್ಲಿ ನಮ್ಮಲ್ಲಿ ನೂರಾಯಿತು. ಕುಕ್ಕರಹಳ್ಳಿ ಕೆರೆಗೆ ಬಿಡುತ್ತೇವೆ, ಪುಣ್ಯ ಬರಲಿ ಎಂದು ಕೇಳಲು ಬಂದವರಿಗೆ ನಾನು ಕೊಡಲಿಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಆ ಕೆರೆಯಲ್ಲಿ ಅಲ್ಲಿಯವೇ ಆದ ಜೀವಗಳು ಬಾಳಲಿ.

ಆದರೆ ಶಾಲೆಗಳ ವಿಷಯದಲ್ಲಿ ನನ್ನ ಮಾತು ಬೇರೆ. ನೋಡಿಕೊಳ್ಳಲು ಒಬ್ಬ ಅಧ್ಯಾಪಕ, ಸರದಿಯ ಮೇಲೆ ಬರುವ ಮಕ್ಕಳು, ಮೇಲೊಂದು ಗಟ್ಟಿ ಜಾಲರಿ, ಬೇಸಿಗೆ ರಜೆಯಲ್ಲಿ ಹೊಣೆ ಹೊರುವವರು ಯಾರೆಂಬ ಲಿಖಿತ ನಿರ್ಣಯ, ಇಷ್ಟಿದ್ದರೆ ಪ್ರತಿಯೊಂದು ಶಾಲೆಯ ಅಂಗಳದಲ್ಲೂ ಇಂಥದೊಂದು ತೊಟ್ಟಿ ಇರಬೇಕು. ಪಕ್ಕದಲ್ಲೇ ಒಂದು ಬಟ್ಟಲು ನೀರನ್ನು ಗಾಜಿನ ಜಾಡಿಯಲ್ಲಿ ಬಲೆಬಟ್ಟೆ ಬಿಗಿದು ಇಟ್ಟು, ಎರಡರಲ್ಲೂ ಏನಾಗುತ್ತದೆಂದು ಮಕ್ಕಳೇ ಬರೆದಿಡಲಿ. ಈಡಿಸ್ ಲಾರ್ವಾವನ್ನು ಕಣ್ಣಾರೆ ಕಂಡ ಮಗು ಮನೆಗೆ ಹೋಗಿ ಫ್ರಿಜ್ಜಿನ ಹಿಂದೆ ಬಗ್ಗಿ ನೋಡುತ್ತದೆ. ಎಷ್ಟು ಕರಪತ್ರ ಹಂಚಿದರೂ ಆ ಕೆಲಸವಾಗದು. ನಿಮ್ಮಲ್ಲಿ ಅಧ್ಯಾಪಕರಾದವರು, ಶಾಲಾ ಸಮಿತಿಗಳಲ್ಲಿರುವವರು ಬಹಳ ಮಂದಿ ಇದ್ದೀರಿ. ಮನೆ ನವೀಕರಿಸುವಾಗ ಕಿತ್ತುಹಾಕುವ ಹಳೆಯ ಟಬ್ಬುಗಳಿಗೆ ಊರಿನಲ್ಲಿ ಬರವಿಲ್ಲ. ಗುಜರಿಯವನಿಗೆ ಬೇಡವಾದದ್ದು ಶಾಲೆಗೆ ಬೇಕಾಗಿದೆ. ಯೋಚಿಸಿ ನೋಡಿ.

ನಮ್ಮ ಹಿತ್ತಲಿನಲ್ಲಿ ಆ ನೀಲಿ ಡ್ರಮ್ಮು ಈಗಲೂ ಇದೆ. ಅದರ ಬಾಯಿಗೆ ಹಳೆಯ ಪಂಚೆಯ ಎರಡು ಮಡಿಕೆಯನ್ನು ಬಿಗಿಯಾಗಿ ಕಟ್ಟಿದೆ. ಕ್ಲೋರಿನ್ ಹೋಗಲು ಅದು ಅಡ್ಡಿಯಲ್ಲ, ಸೊಳ್ಳೆ ಒಳಹೋಗಲು ಅಡ್ಡಿ. ಪ್ರತಿ ಭಾನುವಾರ ಬೆಳಗ್ಗೆ ಅದನ್ನು ಬರಿದು ಮಾಡಿ ತೆಂಗಿನ ನಾರಿನಿಂದ ತಿಕ್ಕುತ್ತೇನೆ. ಕಳೆದ ಮಳೆಗಾಲದ ಒಂದು ಭಾನುವಾರ ನಾನು ತಿಕ್ಕುತ್ತಿರುವಾಗ ಪಕ್ಕದ ಮನೆಯ ಹುಡುಗ ಕಾಂಪೌಂಡಿನ ಮೇಲಿನಿಂದ ಇಣುಕಿ, "ತಾತ, ಗೊದಮೊಟ್ಟೆಗೆ ಕಾಲು ಬಂತಾ?" ಎಂದು ಕೇಳಿದ. ಅವನ ಅಜ್ಜ ಹಿಂದೆಯೇ ನಿಂತಿದ್ದರು. ನಾನು ಅವರ ಮುಖ ನೋಡಿದೆ. "ಹೋಗಿ ನೋಡಿಕೊಂಡು ಬಾ. ಮೇಷ್ಟ್ರ ಕೈ ಹಿಡಿದುಕೊಂಡಿರು" ಎಂದರು.

ಹುಡುಗ ಬಂದು ಜಾಲರಿಯ ಪಕ್ಕ ಕುಳಿತ. ಹಿಂಗಾಲು ಬಂದಿತ್ತು, ಮುಂಗಾಲು ಇನ್ನೂ ಇರಲಿಲ್ಲ. ಬಾಲ ಏನಾಗುತ್ತದೆ ಎಂದು ಅವನು ಕೇಳಿದಾಗ ನಾನು ಉತ್ತರ ಹೇಳಲಿಲ್ಲ. ದಿನವೂ ಬಂದು ನೋಡು ಎಂದೆ.

ನಿಮ್ಮ ನಿಮ್ಮ ಹಿತ್ತಲು, ಬಾಲ್ಕನಿ, ತಾರಸಿಗಳಲ್ಲಿ ಮರೆತ ನೀರು ಎಲ್ಲಿದೆಯೆಂದು ಈ ಭಾನುವಾರ ಒಮ್ಮೆ ನೋಡಿ ನನಗೆ ಬರೆಯಿರಿ. ಕಂಡದ್ದನ್ನು ನಾಚಿಕೆಯಿಲ್ಲದೆ ಬರೆಯಿರಿ. ನಾನೂ ಬರೆದಿದ್ದೇನಲ್ಲ.